ಕೊಟ್ಟಿಗೆಯ ಕಾವಲುಗಾರ

ಹಳಿಯಾಳ, ಮುಂಡಗೋಡ ಸೀಮೆಯ ಗೌಳಿಗರಿಗೆ ಎಮ್ಮೆಯೇ ಬಾಳು. ಕಾಡಂಚಿನ ಅವರ ಕೊಟ್ಟಿಗೆಗಳಿಗೆ ಚಿರತೆಯ ಭಯ ತಪ್ಪಿದ್ದಲ್ಲ. ಆದರೆ ಕಾವಲಿಗೆಂದು ತಂದ ನಾಯಿಮರಿಯನ್ನು ಇರುಳು ಹೊರಗೆ ಕಟ್ಟುವುದು ಕಾವಲಲ್ಲ, ಚಿರತೆಗಿಟ್ಟ ಎಡೆ. ಮರಿ 2 ತಿಂಗಳಿನಿಂದಲೇ ಕರುಗಳ ನಡುವೆ, ಮನೆಯವರ ಕಣ್ಣೆದುರು ಬೆಳೆಯಲಿ. ರಾತ್ರಿ ಭದ್ರವಾದ ಬಾಗಿಲೊಳಗೆ ಮಲಗಲಿ. ಆಟಕ್ಕೆಂದು ಕರುವನ್ನು ಅಟ್ಟಿದರೂ ಒಡನೆ ತಡೆಯಬೇಕು. ಇಂದಿನ ಆಟವೇ ನಾಳಿನ ಚಾಳಿ.

ಡಿಸ್ಟೆಂಪರ್ ಲಸಿಕೆಯನ್ನೂ, 3 ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ತಪ್ಪಿಸಕೂಡದು. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಡಿಸ್ಟೆಂಪರಿಗೆ ಸುಮಾರು 1000 ಸಿಂಹಗಳು ಬಲಿಯಾದವು. ಜೊಯಿಡಾ, ದಾಂಡೇಲಿಯ ಕಾಳಿ ಕಾಡಿನಲ್ಲಿಯೂ ಹುಲಿಗಳಿವೆ. ಮರಿಗೆ ಹಾಕಿಸಿದ ಲಸಿಕೆ ಎಮ್ಮೆಗೂ, ಮನೆಯ ಮಗುವಿಗೂ, ಕಾಡಿನ ಹುಲಿಗೂ ರಕ್ಷೆ.