ಕಡಲಿನ ಎಣ್ಣೆಗೆ ಬಯಲುಸೀಮೆಯ ಹತ್ತಿ

2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಸಮೀಪ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಮುಳುಗಿತಲ್ಲ, ನೆನಪಿರಬಹುದು. ಚೀನಾದಿಂದ ಲೆಬನಾನಿಗೆ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ ಹಡಗು. ಅದರಲ್ಲಿದ್ದ ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಬಚಾವು ಮಾಡಿದರು. ಆಮೇಲೆ ನಮ್ಮ ಮೀನುಗಾರರಿಗೆ ಉಳಿದದ್ದು ಒಂದೇ ಹೆದರಿಕೆ: ಟ್ಯಾಂಕಿನ ಎಣ್ಣೆ ಸೋರಿದರೆ ಬಲೆ, ಬೋಟು, ಮೀನು ಎಲ್ಲ ಏನಾಗಬೇಕು?

ನಾನಿರುವುದು ಸೇಡಂ ತಾಲೂಕಿನ ಕುರಕುಂಟಾದಲ್ಲಿ. ಇಲ್ಲಿಂದ ಕಡಲು ಎಲ್ಲಿ, ನಾವೆಲ್ಲಿ! ಆದರೂ ಆ ಹೆದರಿಕೆಗೆ ಬೇಕಾದ ಒಂದು ಮದ್ದು ಇಲ್ಲಿಯ ಹೊಲದಲ್ಲಿದೆ. ತೊಗರಿಯ ನಾಡಾದರೂ ಇಲ್ಲಿ ಹತ್ತಿಯೂ ಬೆಳೆಯುತ್ತದೆ. ಕಾಯಿ ಸರಿಯಾಗಿ ಬಲಿಯದ ಹತ್ತಿಗೆ ವ್ಯಾಪಾರಿ ಮೂಗು ಮುರಿಯುತ್ತಾನೆ, ನೂಲಿಗೆ ಬಾರದು ಅಂತಾನೆ. ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೇಷಾದ್ರಿ ರಾಮ್‌ಕುಮಾರ್ ಮತ್ತು ಜೊತೆಗಾರರು ಇಂಥ ಹತ್ತಿಯನ್ನೇ ಪರೀಕ್ಷಿಸಿ ನೋಡಿದ್ದಾರೆ. ಒಂದು ಕಿಲೋ ಹತ್ತಿ 30 ಕಿಲೋಗೂ ಹೆಚ್ಚು ಕಚ್ಚಾ ತೈಲ ಹಿಡಿಯಿತು.

ಕಾರಣ ಸರಳ. ಗಿಡದಿಂದ ಬಿಡಿಸಿದ ಹತ್ತಿಯ ಎಳೆಯ ಮೇಲೆ ತೆಳ್ಳಗಿನ ಮೇಣ ಇರುತ್ತದೆ. ಅದು ನೀರನ್ನು ದೂರ ಇಡುತ್ತದೆ, ಎಣ್ಣೆಯನ್ನು ಬಾ ಅನ್ನುತ್ತದೆ. ಮನೆಯಲ್ಲೇ ನೋಡಬಹುದು: ಒಂದು ಲೋಟ ನೀರಿಗೆ ಹೊಲದ ಹತ್ತಿ ಹಾಕಿ, ಇನ್ನೊಂದಕ್ಕೆ ಮೆಡಿಕಲ್ ಅಂಗಡಿಯ ಹತ್ತಿ. ಮೊದಲನೆಯದು ತೇಲುತ್ತದೆ, ಎರಡನೆಯದು ಮುಳುಗುತ್ತದೆ. ಯಾಕೆಂದರೆ ಮೆಡಿಕಲ್ ಹತ್ತಿಯನ್ನು ಬೇಯಿಸಿ ಬಿಳುಪು ಮಾಡುವಾಗ ಮೇಣ ಹೋಗಿರುತ್ತದೆ. ಗ್ಯಾರೇಜಿನ ಬನಿಯನ್ ವೇಸ್ಟ್‌ದೂ ಹೆಚ್ಚುಕಮ್ಮಿ ಇದೇ ಕತೆ. ನೆಲಕ್ಕೆ ಬಿದ್ದ ಆಯಿಲಿಗೆ ಅದು, ಮರದ ಪುಡಿ ಎಲ್ಲ ಸಾಕು. ನೀರಿನ ಮೇಲೆ ಹಾಕಿದರೆ ನೀರನ್ನೇ ಕುಡಿದು ತಳಕ್ಕೆ ಹೋಗುತ್ತವೆ. ಎಣ್ಣೆ ಅಲ್ಲೇ ಉಳಿಯುತ್ತದೆ.

2020ರಲ್ಲಿ ಮಾರಿಷಸ್‌ನಲ್ಲಿ ‘ವಾಕಾಶಿಯೊ’ ಹಡಗಿನ ಎಣ್ಣೆ ಸೋರಿದಾಗ ಅಲ್ಲಿಯ ಜನ ಸರಕಾರಕ್ಕೆ ಕಾಯಲಿಲ್ಲ. ಕಬ್ಬಿನ ಒಣರವದಿಯನ್ನು ಬಟ್ಟೆಯಲ್ಲಿ ತುಂಬಿ ಹೊಲಿದು ಉದ್ದುದ್ದ ಸುರುಳಿ ಮಾಡಿ ಕಡಲಿಗೆ ಬಿಟ್ಟರು. ತಲೆಗೂದಲೂ ತುಂಬಿದರು. ನಮ್ಮಲ್ಲಿ? 2017ರಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಹುಡುಗರು ಬಕೆಟ್ಟಿನಲ್ಲಿ ಎಣ್ಣೆ ಮೊಗೆದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಕಡಲಿನ ಮೇಲಿನ ಜವಾಬ್ದಾರಿ ಕೋಸ್ಟ್ ಗಾರ್ಡಿನದು, ಸರಿ. ದಡಕ್ಕೆ ಬಂದ ಮೇಲೆ ಮೊದಲು ಕೈ ಹಾಕುವವನು ಮೀನುಗಾರನೇ. ಅವನ ದಕ್ಕೆಯಲ್ಲಿ ಇಂಥ ಹತ್ತಿಯ ಮೂಟೆಗಳು ಮೊದಲೇ ಇರಬೇಕು ಎನ್ನುವುದು ನನ್ನ ಮಾತು.

ಹೇಳುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಎಣ್ಣೆ ಕುಡಿದ ಹತ್ತಿ ಎಲ್ಲಿಗೆ ಹೋಗಬೇಕು? 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಎಣ್ಣೆ ಹಿಡಿದ ಹತ್ತಿಬಟ್ಟೆಯೂ ಪಟ್ಟಿಯಲ್ಲಿದೆ. ಗುಂಡಿ ತೋಡಿ ಹೂಳುವ ಹಾಗಿಲ್ಲ. ಸಿಮೆಂಟ್ ಗೂಡಿನಲ್ಲಿ 1,400 ಡಿಗ್ರಿ ದಾಟಿದ ಶಾಖದಲ್ಲಿ ಸುಡಲು ನಿಯಮ ಅವಕಾಶ ಕೊಡುತ್ತದೆ. ಸಿಮೆಂಟ್ ಗೂಡು ಎಂದರೆ ವಾಡಿ, ಸೇಡಂ, ನಮ್ಮ ಸುತ್ತಮುತ್ತ! ಅಂದರೆ ಹತ್ತಿ ಇಲ್ಲಿಂದ ಹೋಗಿ, ಕೊಳೆಯಾಗಿ ಇಲ್ಲಿಗೇ ವಾಪಸು ಬರುವ ಸಾಧ್ಯತೆ ಉಂಟು. ಸರಿಯಾಗಿ ಸುಟ್ಟರೆ ತೊಂದರೆ ಕಡಿಮೆ, ಒಪ್ಪುತ್ತೇನೆ. ಆದರೆ ಧೂಳು ತಿಂದು ಬದುಕುವ ಈ ಊರುಗಳ ಜನರನ್ನು ಕೇಳದೆ, ಚಿಮಣಿಯ ಹೊಗೆಯ ಲೆಕ್ಕವನ್ನು ಪಂಚಾಯಿತಿಯ ಗೋಡೆಗೆ ಅಂಟಿಸದೆ ಲಾರಿ ಕಳಿಸುವುದಾದರೆ ನಾನೇ ಮೊದಲು ಬೇಡ ಅನ್ನುವವನು. ಮಂಗಳೂರು ಚೊಕ್ಕವಾಗಲು ವಾಡಿ ಯಾಕೆ ಕೆಮ್ಮಬೇಕು?

ಇನ್ನು ಬೆಲೆ. ಕರಾವಳಿಯವರಿಗೆ ಕಸ ಎಂದು ಪುಕ್ಕಟೆ ಕೊಡಲು ರೈತನಿಗೇನು ಹುಚ್ಚೇ? ಬಿಡಿಸುವ ಕೂಲಿಯಾದರೂ ಹುಟ್ಟಬೇಕು. ಬಂದರಿನವರೂ ಮೀನುಗಾರಿಕೆ ಇಲಾಖೆಯವರೂ ಸುಗ್ಗಿಯಲ್ಲೇ ಬಂದು ದರ ಕಟ್ಟಿ ಕೊಳ್ಳಲಿ. ಮಳೆಗಾಲದ ಮೊದಲು ಮೂಟೆಗಳು ದಕ್ಕೆಯ ಶೆಡ್ಡಿನಲ್ಲಿ ಒಣಗಿಯೇ ಇರಬೇಕು.