ಗಣಕದ ಬಿರುದುಗಳೂ ಬ್ಯಾಟರಿಯ ಬಾಳಿಕೆಯೂ

ವೈಯಾಕರಣರು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂದು ವಿಂಗಡಿಸಿದ್ದಾರೆ. ವ್ಯಾಪಾರಿ, ರೋಗಿ, ಪಂಡಿತ ಎಂಬಲ್ಲಿ ಹೆಸರಿಗೆ ಅರ್ಥವೇ ಆಧಾರ, ಅವು ಅನ್ವರ್ಥ. ತಂದೆತಾಯಿಗಳು ಮಗುವಿಗೆ ಇಟ್ಟ ಹೆಸರು ಅಂಕಿತ. ಧನಪಾಲನೆಂಬವನು ಸಾಲಗಾರನಾಗಿದ್ದರೂ ವ್ಯಾಕರಣಕ್ಕೆ ಆಕ್ಷೇಪವಿಲ್ಲ. ಇಂದು ಲ್ಯಾಪ್‌ಟಾಪ್ ಗಣಕಗಳನ್ನು ಕೊಳ್ಳುವವರಲ್ಲಿ ಕಂಡುಬರುವ ಮೊದಲ ಪ್ರಮಾದವೆಂದರೆ, ಅವುಗಳ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಅಂಕಿತನಾಮವನ್ನು ಅನ್ವರ್ಥನಾಮವೆಂದು ಭ್ರಮಿಸುವುದು.

ಸೊರಬ ಸೀಮೆಯ ಹೊಸಬಾಳೆಯಂತಹ ಊರುಗಳಲ್ಲಿ ಈ ಭ್ರಮೆಗೆ ತೆರಬೇಕಾದ ದಂಡ ತುಸು ಹೆಚ್ಚು. ಮಳೆಗಾಲದ ಗಾಳಿಗೆ ಮರದ ಕೊಂಬೆಯೊಂದು ತಂತಿಯ ಮೇಲೆ ಮುರಿದುಬಿದ್ದರೆ ವಿದ್ಯುತ್ತು ಹೋಗುತ್ತದೆ; ಆ ಹೊತ್ತಿನಲ್ಲಿ ಗಣಕದ ಮುಂದೆ ಕುಳಿತ ವಿದ್ಯಾರ್ಥಿಯ ಪಾಠ ಮುಂದುವರಿಯುವುದು ಬ್ಯಾಟರಿಯ ಬಲದಿಂದ ಮಾತ್ರ. ಉದಾರಿಗಳಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವಿದ್ಯಾಸಂಸ್ಥೆಗಳಿಗೆ ಗಣಕಗಳನ್ನು ಕೊಡಮಾಡುತ್ತಿರುವುದು ಸ್ತುತ್ಯರ್ಹವೇ ಸರಿ. ಆದರೆ ಬಿರುದನ್ನು ನೋಡಿ ಆರಿಸಿದ ಯಂತ್ರವು ಎರಡನೆಯ ಅವಧಿಯಲ್ಲಿಯೇ ಕಣ್ಣು ಮುಚ್ಚಿದರೆ ಆ ದಾನದ ಅರ್ಧ ಫಲ ಹೊಳೆಯ ಪಾಲಾದಂತೆ.

ಬಿರುದುಗಳ ಚರಿತ್ರೆ ಸ್ವಾರಸ್ಯಕರವಾದುದು. ೨೦೦೩ರ ಮಾರ್ಚಿಯಲ್ಲಿ ಇಂಟೆಲ್ ಸಂಸ್ಥೆಯು ಸೆಂಟ್ರಿನೊ ಎಂಬ ಹೆಸರನ್ನು ಲೋಕಕ್ಕೆ ಪರಿಚಯಿಸಿತು. ಅನೇಕರು ಅದನ್ನು ಒಂದು ಪ್ರೊಸೆಸರಿನ ಹೆಸರೆಂದೇ ತಿಳಿದರು. ವಸ್ತುತಃ ಅದು ಮೂರು ಅಂಗಗಳ ಸಮುದಾಯಕ್ಕೆ ಸಂದ ಹೆಸರು: ಪೆಂಟಿಯಂ ಎಂ ಪ್ರೊಸೆಸರ್, ಅದಕ್ಕೆ ಹೊಂದುವ ಚಿಪ್‌ಸೆಟ್, ಅದೇ ಸಂಸ್ಥೆಯ ನಿಸ್ತಂತು ಸಂಪರ್ಕದ ಭಾಗ. ಅದೇ ಪ್ರೊಸೆಸರಿಗೆ ಅನ್ಯ ಸಂಸ್ಥೆಯ ನಿಸ್ತಂತು ಭಾಗವನ್ನು ಜೋಡಿಸಿದ ಯಂತ್ರವು ಕೆಲಸದಲ್ಲಿ ಎಷ್ಟೇ ಸಮರ್ಥವಾಗಿರಲಿ, ಆ ಚೀಟಿಗೆ ಅನರ್ಹ. ಆದರೂ ಆ ಪ್ರೊಸೆಸರು ಒಂದು ಒಳ್ಳೆಯ ಪಾಠವನ್ನು ಕಲಿಸಿತೆಂಬುದನ್ನು ಮರೆಯಲಾಗದು. ಗಿಗಾಹರ್ಟ್ಸ್ ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಶ್ರೇಷ್ಠವೆಂದು ಜನ ನಂಬಿದ್ದ ಕಾಲದಲ್ಲಿ, ಸಣ್ಣ ಸಂಖ್ಯೆಯ ಪೆಂಟಿಯಂ ಎಂ ದೊಡ್ಡ ಸಂಖ್ಯೆಯ ಪೆಂಟಿಯಂ ೪ಕ್ಕೆ ಸರಿಗಟ್ಟುವ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಿ ತೋರಿಸಿತು.

ಎಎಂಡಿ ಸಂಸ್ಥೆಯ ಉದಾಹರಣೆ ಇನ್ನೂ ಸೊಗಸಾಗಿದೆ. ಪ್ರಕೃತಿ ಪ್ರತ್ಯಯಗಳನ್ನು ಬಿಡಿಸಬಲ್ಲವರಿಗೆ ಅದೊಂದು ಅಭ್ಯಾಸಪಾಠ. ೨೦೨೨ರಲ್ಲಿ ಆ ಸಂಸ್ಥೆಯೇ ಪ್ರಕಟಿಸಿದ ಕೋಷ್ಟಕದ ಪ್ರಕಾರ ರೈಜೆನ್ ೫ ೭೫೨೦ಯು ಎಂಬಲ್ಲಿ ಮೊದಲ ಅಂಕಿ ೭ ಎಂಬುದು ೨೦೨೩ರ ಮಾದರಿಯೆಂಬುದರ ಸೂಚಕ. ಮೂರನೆಯ ಅಂಕಿ ೨ ಎಂಬುದು ಒಳಗಿನ ರಚನೆ ಜೆನ್ ೨ ಎಂಬುದರ ಸೂಚಕ. ಆ ರಚನೆಯಾದರೋ ೨೦೧೯ರದು. ರೈಜೆನ್ ೫ ೭೬೪೦ಯು ಎಂಬುದರಲ್ಲಿ ಇರುವುದು ಹೊಸದಾದ ಜೆನ್ ೪ ರಚನೆ. ಕೋರ್‌ಗಳು ಮೊದಲನೆಯದರಲ್ಲಿ ನಾಲ್ಕು, ಇದರಲ್ಲಿ ಆರು. ಎರಡಕ್ಕೂ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ‘ರೈಜೆನ್ ೫’ ಎಂಬುದೊಂದೇ. ಇದನ್ನು ಸುಳ್ಳೆನ್ನಲಾಗದು, ಬೀಗದ ಕೈಯನ್ನು ಸಂಸ್ಥೆಯೇ ಕೊಟ್ಟಿದೆ. ಆದರೆ ಆ ಕೈ ಅಂಗಡಿಯ ಮುಂಗಟ್ಟೆಯಲ್ಲಿ ದೊರೆಯುವುದಿಲ್ಲ. ಬರವಣಿಗೆ, ಲೆಕ್ಕಪತ್ರಗಳಿಗಷ್ಟೇ ಬೇಕಾದ ಶಾಲೆಗೆ ಮೊದಲನೆಯದೂ ಸಾಕಾದೀತು, ಎರಡನೆಯದರ ಬೆಲೆಯನ್ನು ಅದಕ್ಕೆ ತೆರದಿದ್ದರೆ. ಇಂಟೆಲ್ ಹೆಸರುಗಳಲ್ಲಿಯೂ ೫, ೭ ಎಂಬ ಅಂಕಿಗಳಿಗಿಂತ ಕೊನೆಯ ಅಕ್ಷರವೇ ಬಹುಕಾಲ ಹೆಚ್ಚು ಹೇಳುತ್ತಿತ್ತು: ‘ಯು’ ಎಂದರೆ ಸಾಮಾನ್ಯವಾಗಿ ೧೫ ವಾಟಿನ ಮಿತಾಹಾರಿ, ‘ಎಚ್’ ಎಂದರೆ ೪೫ ವಾಟಿನ ಹೊಟ್ಟೆಬಾಕ.

ಈಚಿನ ಬಿರುದು ಕೃತಕ ಬುದ್ಧಿಯದು. ೨೦೨೪ರ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಘೋಷಿಸಿದ ಕೊಪೈಲಟ್ ಪ್ಲಸ್ ಪಿಸಿ ಎಂಬ ಹೆಸರಿಗೆ ಸೆಕೆಂಡಿಗೆ ೪೦ ಲಕ್ಷ ಕೋಟಿ ಗಣನೆಗಳನ್ನು ಮಾಡುವ ಪ್ರತ್ಯೇಕ ಭಾಗವಿರಬೇಕೆಂಬ ನಿಯಮವಿದೆ. ಅದಕ್ಕೆ ಕೆಲವೇ ತಿಂಗಳ ಮುಂಚೆ ‘ಎಐ ಪಿಸಿ’ ಎಂಬ ಡಂಗುರದೊಡನೆ ಬಂದ ಮೊದಲ ಕೋರ್ ಅಲ್ಟ್ರಾ ಪ್ರೊಸೆಸರುಗಳಲ್ಲಿ ಆ ಭಾಗದ ಶಕ್ತಿ ಸುಮಾರು ಅದರ ಕಾಲುಭಾಗ. ಆರು ತಿಂಗಳು ತುಂಬುವ ಮೊದಲೇ ಬಿರುದು ಹಳತಾಯಿತು.

ನೆರೆಯ ಬಳ್ಳಿಗಾವಿಯ ಶಾಸನಗಳನ್ನು ಓದಿದವರಿಗೆ ಇಲ್ಲಿ ಗಾಬರಿಪಡುವಂಥದು ಏನೂ ಇಲ್ಲ. ಅಲ್ಲಿಯೂ ಬಿರುದಾವಳಿ ಉದ್ದವಾಗಿ ಹರಿಯುತ್ತದೆ. ಆದರೆ ಬಲ್ಲವರ ಕಣ್ಣು ಹೋಗುವುದು ದತ್ತಿಯ ಭೂಮಿ ಎಷ್ಟು, ಎಲ್ಲೆ ಯಾವುದು ಎಂಬ ಕಡೆಯ ಪಂಕ್ತಿಗಳಿಗೆ. ಭೂಮಿಯನ್ನು ಅಳೆಯಲು ಭೇರುಂಡಗಳೆಯೆಂಬ ಗೊತ್ತಾದ ಕೋಲಿತ್ತು. ಬ್ಯಾಟರಿಗೂ ಅಂತಹ ಕೋಲುಂಟು. ಅದರ ಹೆಸರು ವಾಟ್-ಅವರ್. ೫೦ ವಾಟ್-ಅವರಿನ ಬ್ಯಾಟರಿಯಿರುವ ಯಂತ್ರವು ೫ ವಾಟ್ ಉಂಡರೆ ೧೦ ಗಂಟೆ ನಡೆಯುತ್ತದೆ. ೨೫ ವಾಟ್ ಉಂಡರೆ ೨ ಗಂಟೆ ಮಾತ್ರ. ಜಾಹೀರಾತಿನ ‘೧೮ ಗಂಟೆ’ ಎಂಬುದು ಬಹುಮಟ್ಟಿಗೆ ಪರದೆಯ ಬೆಳಕನ್ನು ತಗ್ಗಿಸಿ ಚಲನಚಿತ್ರವನ್ನು ಓಡಿಸಿ ಪಡೆದ ಫಲ. ಚಲನಚಿತ್ರವನ್ನು ಬಿಡಿಸಲು ಚಿಪ್ಪಿನೊಳಗೆ ಪ್ರತ್ಯೇಕವಾದ ಸಣ್ಣ ಭಾಗವಿರುವುದರಿಂದ ಉಳಿದ ಅಂಗಗಳು ತೂಕಡಿಸುತ್ತಿರುತ್ತವೆ. ತರಗತಿಯಲ್ಲಿ ಯಂತ್ರಕ್ಕೆ ತೂಕಡಿಸುವ ಅವಕಾಶವಿಲ್ಲ. ಹಗಲಿನ ಬೆಳಕಿನಲ್ಲಿ ಪರದೆಯನ್ನೂ ಪೂರ್ಣ ಉಜ್ಜ್ವಲಗೊಳಿಸಬೇಕು.

ಹಾಗೆಂದು ಪ್ರೊಸೆಸರು ಗೌಣವೆಂದಲ್ಲ. ಆ್ಯಪಲ್ ಸಂಸ್ಥೆಯ ಮ್ಯಾಕ್‌ಬುಕ್ ಏರ್ ೨೦೨೦ರಲ್ಲಿ ಎರಡು ಬಾರಿ ಹೊಸದಾಯಿತು. ಮೊದಲ ಬಾರಿ ಅದರಲ್ಲಿದ್ದುದು ಇಂಟೆಲ್ ಪ್ರೊಸೆಸರು. ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಸಂಸ್ಥೆಯ ಸ್ವಂತ ಎಂ೧ ಬಂದಿತು. ಬ್ಯಾಟರಿ ಎರಡರಲ್ಲೂ ೪೯.೯ ವಾಟ್-ಅವರ್. ಜಾಲತಾಣ ವೀಕ್ಷಣೆಗೆ ಸಂಸ್ಥೆ ಹೇಳಿದ ಅವಧಿ ಮಾತ್ರ ೧೧ ಗಂಟೆಯಿಂದ ೧೫ಕ್ಕೆ ಏರಿತು. ಬಿರುದಿನಲ್ಲಿಯೇ ಅಳತೆಯನ್ನು ಅಡಕಗೊಳಿಸಿದ ಪ್ರಯತ್ನವೂ ಇಲ್ಲದಿಲ್ಲ: ಅದೇ ವರ್ಷ ಇಂಟೆಲ್ ಆರಂಭಿಸಿದ ಈವೊ ಎಂಬ ಚೀಟಿಗೆ ನಿತ್ಯಬಳಕೆಯಲ್ಲಿ ೯ ಗಂಟೆಯ ಬಾಳಿಕೆ ಒಂದು ಷರತ್ತಾಗಿತ್ತು. ಇಂತಹ ಹೆಸರಿಗೆ ಅನ್ವರ್ಥದ ಮಾನ ಸಲ್ಲಬೇಕು.

ಇನ್ನು ಚೀಟಿಯಲ್ಲಿ ಎಂದೂ ಕಾಣದ ಒಂದು ಸಂಗತಿಯುಂಟು, ಬ್ಯಾಟರಿಯ ಮುಪ್ಪು. ಲಿಥಿಯಂ-ಅಯಾನ್ ಬ್ಯಾಟರಿಯು ತುಂಬಿ ಬರಿದಾದಂತೆಲ್ಲ ಸವೆಯುತ್ತದೆ. ಬಿಸಿಯಲ್ಲಿಯೂ, ಸದಾ ನೂರಕ್ಕೆ ನೂರು ತುಂಬಿಟ್ಟಾಗಲೂ ಇನ್ನೂ ಬೇಗ ಸವೆಯುತ್ತದೆ. ಅನೇಕ ಯಂತ್ರಗಳಲ್ಲಿ ೮೦ಕ್ಕೆ ನಿಲ್ಲಿಸುವ ಏರ್ಪಾಡಿದೆ. ಅಧ್ಯಾಪಕರು ಅದನ್ನು ನಿತ್ಯ ಬಳಸಿ, ಗಾಳಿಮಳೆಯ ಸೂಚನೆಯಿದ್ದ ದಿನ ಮಾತ್ರ ಪೂರ್ತಿ ತುಂಬಿಸಬಹುದು. ೧೫ ವಾಟ್ ಉಣ್ಣುವ ಯಂತ್ರವು ಹೊಸದರಲ್ಲಿ ೫೦ ವಾಟ್-ಅವರ್ ಹೊಂದಿದ್ದರೆ ೪೫ ನಿಮಿಷದ ನಾಲ್ಕು ಅವಧಿಗಳನ್ನು ದಾಟಿ ೨೦ ನಿಮಿಷ ಉಳಿಸುತ್ತದೆ. ಸವೆದು ೩೫ಕ್ಕೆ ಇಳಿದಾಗ ಮೂರು ಅವಧಿಗಳ ತರುವಾಯ ನಿಲ್ಲುತ್ತದೆ. ಆದಕಾರಣ ಗಣಕವನ್ನು ದಾನವಾಗಿ ಕೊಡುವವರು ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನೂ ಬ್ಯಾಟರಿಯ ವಾಟ್-ಅವರನ್ನೂ ಅಂಗಡಿಯವನಿಂದ ಬರೆಯಿಸಿಕೊಳ್ಳುವುದು ಯುಕ್ತ. ಬ್ಯಾಟರಿಯನ್ನು ಬದಲಿಸಲು ಸಾಧ್ಯವೇ, ಅದು ಶಿವಮೊಗ್ಗದಲ್ಲಿ ದೊರೆಯುವುದೇ ಎಂಬುದನ್ನೂ ಆಗಲೇ ಕೇಳಬೇಕು. ಹತ್ತು ಯಂತ್ರಗಳನ್ನು ಕೊಡಲು ಸಂಕಲ್ಪಿಸಿದವರು ಒಂಬತ್ತನ್ನು ಕೊಟ್ಟು, ಹತ್ತನೆಯದರ ಹಣವನ್ನು ಮುಂದೆ ಬೇಕಾಗುವ ಬ್ಯಾಟರಿಗಳಿಗಾಗಿ ಶಾಲೆಯ ಹೆಸರಿನಲ್ಲಿ ಠೇವಣಿ ಇಡಬಹುದು.