ಯಂತ್ರ ಹೊಲಿದರೆ ಕೌದಿಯಲ್ಲವೇ?

"ಕೈಲೆ ಹೊಲಿಲಿಲ್ಲಂದ್ರ ಅದಕ್ಕ ಕೌದಿ ಅಂತಾರೇನ್ರೀ?" ಕಳೆದ ವರ್ಷ ಪ್ರದರ್ಶನವೊಂದರಲ್ಲಿ ಸಂಘಟಕರೊಬ್ಬರು ನನ್ನ ಕೌದಿಯನ್ನು ಮಡಿಚಿ ಬದಿಗಿಟ್ಟರು. ಅವರ ಬೆರಳುಗಳನ್ನು ನೋಡಿದೆ. ಸೂಜಿ ಚುಚ್ಚಿದ ಒಂದು ಗುರುತೂ ಇರಲಿಲ್ಲ.

ನಮ್ಮವ್ವನ ಬೆರಳು ಹಾಗಿರಲಿಲ್ಲ. ಧಾರವಾಡದ ಮನೆಯ ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ತುಂಡುಬಟ್ಟೆ ಹಚ್ಚಿ, ಸಾಲು ಹಾಕುತ್ತ ಕೂತರೆ ಒಂದು ಕೌದಿಗೆ ಬೇಸಿಗೆಯೇ ಮುಗಿಯುತ್ತಿತ್ತು. ಕೊನೆಕೊನೆಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಅದನ್ನು ಪರಂಪರೆ ಎಂದು ಹೊಗಳುವವರು ಯಾರೂ ಆಕೆಯ ಸೊಂಟಕ್ಕೆ ಎಣ್ಣೆ ತಿಕ್ಕಲು ಬರಲಿಲ್ಲ.

ಈಗ ನನ್ನ ಬೆರಳೂ ಮಡಚುವುದಿಲ್ಲ. ಮಗಳೂ ನಾನೂ ಸೇರಿ ಮನೆಯ ಹೊಲಿಗೆ ಯಂತ್ರವನ್ನು ಪುಟ್ಟ ಗಾಡಿಯ ಮೇಲೆ ಕೂರಿಸಿದೆವು. ಕೌದಿ ಚೌಕಟ್ಟಿನಲ್ಲಿ ಬಿಗಿಯಾಗಿ ನಿಂತಿರುತ್ತದೆ, ಓಡಾಡುವುದು ಯಂತ್ರ. ಉದ್ದಕ್ಕೊಂದು, ಅಡ್ಡಕ್ಕೊಂದು ಸ್ಟೆಪ್ಪರ್ ಮೋಟಾರು. ಒಂದು ಸುತ್ತಿಗೆ 200 ಹೆಜ್ಜೆ. 20 ಹಲ್ಲಿನ ಚಕ್ರ, 2 ಮಿಲಿಮೀಟರ್ ಅಂತರದ ಹಲ್ಲಿರುವ ಬೆಲ್ಟು. ಲೆಕ್ಕ ಹಾಕಿ: ಹೆಜ್ಜೆಗೆ 0.2 ಮಿಲಿಮೀಟರ್, 3 ಮಿಲಿಮೀಟರಿನ ಹೊಲಿಗೆಗೆ 15 ಹೆಜ್ಜೆ. ನಕ್ಷೆ ಬಿಡಿಸುವವಳು ನಾನು. ಅದನ್ನು ಹೆಜ್ಜೆಗಳಾಗಿ ಒಡೆದು ಮೋಟಾರಿಗೆ ಹೇಳುವುದಷ್ಟೇ ಕಂಪ್ಯೂಟರಿನ ಕೆಲಸ.

ಸುಲಭವೆಂದುಕೊಂಡಿರಾ? ಮೊದಲ ದಿನವೇ ಮೂರು ಸೂಜಿ ಮುರಿದವು. ಸೂಜಿ ಬಟ್ಟೆಯೊಳಗಿರುವಾಗಲೇ ಗಾಡಿ ಸರಿದರೆ ಮುರಿಯದೆ ಇನ್ನೇನು! ತಿರುವಿನಲ್ಲಿ ಗಾಡಿ ನಿಧಾನವಾದರೂ ಸೂಜಿ ತನ್ನ ವೇಗದಲ್ಲೇ ಕುಟ್ಟಿ, ಹೊಲಿಗೆಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತಾದವು. ಕೈಚಕ್ರಕ್ಕೆ ಅಯಸ್ಕಾಂತದ ಚೂರು ಅಂಟಿಸಿ, ಸೂಜಿ ಮೇಲೆದ್ದಿದೆಯೆಂದು ಸೆನ್ಸರ್ ಹೇಳಿದ ಮೇಲಷ್ಟೇ ಗಾಡಿ ಸರಿಯುವಂತೆ ಮಾಡಲು ಒಂದು ತಿಂಗಳು ಹಿಡಿಯಿತು. ಇದು ಕೈಕೆಲಸವಲ್ಲವಂತೆ!

ಫ್ರಾನ್ಸಿನ ಜಕಾರ್ಡ್ 1804ರಲ್ಲೇ ಮಗ್ಗಕ್ಕೆ ತೂತಿನ ಕಾರ್ಡು ಕಟ್ಟಿದ. ತೂತು ಹೇಳಿದಂತೆ ಎಳೆ ಏಳುತ್ತದೆ. ನಮ್ಮ ರೇಷ್ಮೆ ಕೈಮಗ್ಗಗಳ ನೆತ್ತಿಯ ಮೇಲೂ ಅದು ಕೂತಿದೆ. ಆ ಸೀರೆಯನ್ನು ಯಾರೂ ಮಡಿಚಿ ಬದಿಗಿಡುವುದಿಲ್ಲ. ಮಗ್ಗಕ್ಕೆ ಬಂದರೆ ಸುಧಾರಣೆ, ಹೆಂಗಸರ ಕೌದಿಗೆ ಬಂದರೆ ಪರಂಪರೆಗೆ ಕೇಡು!

ಯಂತ್ರದ್ದನ್ನು ಕೈಯದೆಂದು ಮಾರಿದರೆ ಮೋಸ, ಒಪ್ಪುತ್ತೇನೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೈಹೊಲಿಗೆಯ ಕೌದಿಗೆ ನನ್ನದಕ್ಕಿಂತ ಹೆಚ್ಚು ಬೆಲೆ ಸಿಗಲಿ, ಸಿಗಲೇಬೇಕು. ಆದರೆ ನೋಯುವ ಬೆರಳಿನವಳು ಸುಮ್ಮನೆ ಕೂರಬೇಕೆಂದು ಹೇಳಲು ಇವರು ಯಾರು?

ಮುಂದಿನ ಕೌದಿಗೆ ಅವ್ವನ ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ಅದೇ ಪ್ರದರ್ಶನಕ್ಕೆ ಒಯ್ಯುತ್ತೇನೆ, 'ಯಂತ್ರದ್ದು' ಎಂದು ದಪ್ಪಕ್ಷರದ ಚೀಟಿ ಅಂಟಿಸಿಕೊಂಡೇ.